ಮಿಲ್ಲಿನ ಗೇಟಿಗೆ ತಿರುಗುವ ಟ್ರ್ಯಾಕ್ಟರ್

ಭತ್ತದ ಸುಗ್ಗಿಯಲ್ಲಿ ಗಂಗಾವತಿಯಿಂದ ಕಾರಟಗಿ ಕಡೆ ಹೋಗಿದ್ದೀರಾ? ರಸ್ತೆ ಪಕ್ಕ ರೈಸ್ ಮಿಲ್ಲು, ಅದರ ಗೇಟಿನ ಬಾಯಿ ನೇರ ರಸ್ತೆಗೇ. ಚೀಲ ತುಂಬಿದ ಟ್ರ್ಯಾಲಿ ಎಳೆದುಕೊಂಡು ಬಂದ ಟ್ರ್ಯಾಕ್ಟರ್ ಬಲಕ್ಕೆ ತಿರುಗಬೇಕು. ಎದುರಿಗೆ ಲಾರಿ ಬರುತ್ತಿದೆ. ಟ್ರ್ಯಾಕ್ಟರ್ ನಡುರಸ್ತೆಯಲ್ಲೇ ನಿಲ್ಲುತ್ತದೆ. ಹಿಂದಿನ ಬಸ್ಸಿನವನು ಹಾರ್ನಿನಿಂದ ಕೈ ತೆಗೆಯೋದೇ ಇಲ್ಲ. ಬೈಕಿನವನು ಎಡಗಡೆ ಮಣ್ಣಿಗಿಳಿದು, ಧೂಳೆಬ್ಬಿಸಿ ಹೋಗಿಬಿಡುತ್ತಾನೆ.

ರಸ್ತೆ ಅಗಲ ಮಾಡಿ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಎಷ್ಟು ಅಗಲ ಮಾಡಿದರೂ ಹೆಜ್ಜೆಗೊಂದು ಗೇಟು ತೆರೆದರೆ ಕಥೆ ಅದೇ. ಟ್ರ್ಯಾಕ್ಟರ್ ತಿರುಗಿ ಒಳಗೆ ಹೋಗಲು 10 ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಅಷ್ಟರಲ್ಲಿ ಸುಮಾರು 167 ಮೀಟರ್ ಬಂದಿರುತ್ತದೆ. ಅಷ್ಟು ಖಾಲಿ ಜಾಗ ಸಿಗುವವರೆಗೂ ಹಿಂದಿನವರೆಲ್ಲ ಕಾಯಬೇಕು.

ಯಾವ ಗೇಟು ಮುಚ್ಚಬೇಕು, ಎರಡು ಮಿಲ್ಲಿಗೆ ಒಂದೇ ದಾರಿ ಸಾಕಾ, ಡಿವೈಡರ್ ಹಾಕಿದರೆ ತಿರುಗಲು ಜಾಗ ಎಲ್ಲಿ ಬಿಡಬೇಕು? ಇದನ್ನೆಲ್ಲ ರಸ್ತೆ ಮೇಲೇ ಪ್ರಯೋಗ ಮಾಡಿದರೆ ಮಿಲ್ಲಿನವರೂ ಬೈತಾರೆ, ಬಸ್ಸಿನವರೂ ಬೈತಾರೆ. ಅದಕ್ಕೇ ಮೊದಲು ಕಂಪ್ಯೂಟರಿನಲ್ಲಿ ರಸ್ತೆ ಕಟ್ಟುತ್ತಾರೆ. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಬೆಳೆಸಿದ 'ಸುಮೋ' ಎಂಬ ಸಾಫ್ಟ್‌ವೇರ್ ಇದಕ್ಕೆ ಪುಕ್ಕಟೆಯಾಗಿ ಸಿಗುತ್ತದೆ. (ಆಳು ತುಂಬಿಕೊಂಡು ಓಡುವ ನಮ್ಮ ಸುಮೋ ಬೇರೆ!) ಇದರಲ್ಲಿ ಒಂದೊಂದು ವಾಹನಕ್ಕೂ ಒಬ್ಬ ಡ್ರೈವರ್ ಇದ್ದ ಹಾಗೆ. ಮುಂದಿನವನು ಎಷ್ಟು ದೂರ, ಎಷ್ಟು ವೇಗ, ಈ ಸಂದಿಯಲ್ಲಿ ನುಗ್ಗಬಹುದಾ ಅಂತ ಕ್ಷಣಕ್ಷಣಕ್ಕೂ ಲೆಕ್ಕ. ಒಬ್ಬನಿಗೆ ತಾಳ್ಮೆ ಜಾಸ್ತಿ, ಇನ್ನೊಬ್ಬನಿಗೆ ಕಮ್ಮಿ. ಅದನ್ನು ದಾಳ ಉರುಳಿಸಿದಂತೆ ಹಂಚುತ್ತಾರೆ. ಹಾಗಾಗಿ ಒಂದೇ ಸಲ ಓಡಿಸಿ ನಂಬುವಂತಿಲ್ಲ, ಹತ್ತಾರು ಸಲ ಓಡಿಸಿ ಸರಾಸರಿ ತೆಗೆಯಬೇಕು.

ವಾಹನಗಳ ದಾರಿ ಒಂದಕ್ಕೊಂದು ತಾಗುವ ಜಾಗಗಳನ್ನೂ ಎಣಿಸುತ್ತಾರೆ. ನಾಲ್ಕು ದಾರಿ ಸೇರುವಲ್ಲಿ ಅವು 32, ಮೂರು ದಾರಿ ಸೇರುವಲ್ಲಿ 9. ಡಿವೈಡರ್ ಹಾಕಿ, ಗೇಟಿನಲ್ಲಿ ಎಡಕ್ಕೆ ಮಾತ್ರ ತಿರುಗಲು ಬಿಟ್ಟರೆ ಬರೀ 2.

ಇಲ್ಲೇ ಒಂದು ಎಡವಟ್ಟು. ಕಂಪ್ಯೂಟರಿನ ಟ್ರ್ಯಾಕ್ಟರ್ ಬಹಳ ಸಂಭಾವಿತ. ಡಿವೈಡರ್ ಮುಚ್ಚಿದೆ ಅಂದರೆ ಒಂದು ಕಿ.ಮೀ. ಮುಂದೆ ಹೋಗಿ ತಿರುಗಿಕೊಂಡು ಬರುತ್ತದೆ. ನಮ್ಮದು? ಡೀಸೆಲ್ ಯಾಕೆ ಸುಡೋದು ಅಂತ ರಾಂಗ್ ಸೈಡಿನಲ್ಲೇ ಬರುತ್ತದೆ, ಅಲ್ವಾ? ಬೈಕಿನವನು ಮಣ್ಣಿಗಿಳಿಯುವುದೂ ಕಂಪ್ಯೂಟರಿಗೆ ತಾನಾಗಿ ಗೊತ್ತಿಲ್ಲ. ಕಲಿಸದಿದ್ದರೆ ಪರದೆ ಮೇಲೆ ಎಲ್ಲ ಚೆಂದ ಕಾಣುತ್ತದೆ, ರಸ್ತೆಯಲ್ಲಿ ಮುಖಾಮುಖಿ ಡಿಕ್ಕಿ.

ಕಲಿಸಬೇಕಾದರೆ ರಸ್ತೆ ಬದಿ ಕ್ಯಾಮೆರಾ ಇಟ್ಟು ಎಣಿಸಬೇಕು. ಅದೂ ಸುಗ್ಗಿಯಲ್ಲೇ. ಸುಗ್ಗಿ ಮುಗಿದ ಮೇಲೆ ಹೋದರೆ ಅದೇ ಗೇಟಿನ ಮುಂದೆ ನಾಯಿ ಮಲಗಿರುತ್ತದೆ.