ಓದುಗರ ಪ್ರಶ್ನೆ: ಆದಿವಾಸಿಗಳು ಹೊರಗೆ ಬಂದರೆ ಕಾಡು ಉಳಿಯುತ್ತೆ ಅಲ್ವಾ?

ಪ್ರಶ್ನೆ: ಹುಲಿ, ಆನೆ ಇರುವ ಕಾಡಿನಲ್ಲಿ ಜನ ಯಾಕೆ ಇರಬೇಕು? ಅವರು ಬೆಂಕಿ ಹಾಕುತ್ತಾರೆ, ಮರ ಕಡಿಯುತ್ತಾರೆ. ಊರಿನ ಹತ್ತಿರ ಮನೆ, ಶಾಲೆ, ಆಸ್ಪತ್ರೆ ಕೊಟ್ಟು ಕರೆತಂದರೆ ಅವರಿಗೂ ಒಳ್ಳೇದು, ಕಾಡಿಗೂ ಒಳ್ಳೇದು ಅಲ್ವಾ?

ಉತ್ತರ: ಬೇಸಿಗೆಯಲ್ಲಿ ಎಲ್ಲೋ ಒಂದು ಕಡೆ ಕಾಡಿಗೆ ಬೆಂಕಿ ಬಿತ್ತು ಅಂತ ಸುದ್ದಿ ಬಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಹಿಂದೆಯೂ ಉತ್ತರ ಬರೆದಿದ್ದೇನೆ, ಮತ್ತೆ ಬರೆಯುತ್ತಿದ್ದೇನೆ. ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ, ಅದು ನನಗೆ ಗೊತ್ತು. ಕಾಡು ಉಳಿಯಲಿ ಅನ್ನುವ ಆಸೆಯಿಂದಲೇ ಕೇಳುತ್ತಾರೆ. ಆದರೆ ಕಾಡು ಹಾಳಾಗಿದ್ದು ಅಲ್ಲಿರುವ ಜನರಿಂದಲೇ ಅನ್ನುವ ತೀರ್ಪು ಪ್ರಶ್ನೆಯೊಳಗೆ ಮೊದಲೇ ಸೇರಿಕೊಂಡಿರುತ್ತದೆ. ಆ ಗಂಟು ಬಿಚ್ಚದೆ ಉಳಿದದ್ದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಬಿಳಿಗಿರಿರಂಗನ ಬೆಟ್ಟವನ್ನೇ ನೋಡೋಣ. ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿರುವ ಜಾಗ, ಜಾಸ್ತಿ ಅಧ್ಯಯನ ಆಗಿರುವ ಕಾಡು ಕೂಡ. ಅಲ್ಲಿ ಸೋಲಿಗರು ಇದ್ದಾರೆ. ಬೆಟ್ಟದ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ, ಹಾಗಾಗಿ ಅವನು ತಮಗೆ ಭಾವ ಅನ್ನುವುದು ಅವರ ನಂಬಿಕೆ. ಆ ಕಾಡಿಗೂ ಅವರಿಗೂ ಇರುವ ನಂಟು ಎಷ್ಟು ಹಳೆಯದು ಅನ್ನುವುದಕ್ಕೆ ಇಷ್ಟು ಸಾಕು. 1974ರಲ್ಲಿ ಅದು ವನ್ಯಜೀವಿಧಾಮ ಆಯಿತು. ಅಲ್ಲಿಯವರೆಗೆ ಜಾಗ ಬದಲಿಸುತ್ತಾ ರಾಗಿ ಬೆಳೆದುಕೊಂಡಿದ್ದ ಸೋಲಿಗರು ಒಂದೇ ಕಡೆ ಪೋಡುಗಳಲ್ಲಿ, ಅಂದರೆ ತಮ್ಮ ಸಣ್ಣ ಹಾಡಿಗಳಲ್ಲಿ, ನೆಲೆ ನಿಲ್ಲಬೇಕಾಯಿತು. ಬೇಟೆ ನಿಂತಿತು. ಬೆಂಕಿ ಹಾಕುವುದೂ ಅಪರಾಧವಾಯಿತು.

ಈಗ ಆ ಬೆಂಕಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಸೋಲಿಗರು ಹಾಕುತ್ತಿದ್ದುದು ತರಗು ಬೆಂಕಿ. ಎಲೆ ಉದುರಿ ತರಗು ಒಣಗಿರುತ್ತದೆ, ಆದರೆ ನೆಲದಲ್ಲಿ ಇನ್ನೂ ಸ್ವಲ್ಪ ತೇವ ಉಳಿದಿರುತ್ತದೆ. ಕಡು ಬೇಸಿಗೆಗೆ ಇನ್ನೂ ಸಮಯ ಇರುತ್ತದೆ. ಆ ಹೊತ್ತಿನಲ್ಲಿ ಅಲ್ಲೊಂದು ತುಂಡು, ಇಲ್ಲೊಂದು ತುಂಡು ಸುಡುತ್ತಿದ್ದರು. ಬೆಂಕಿ ಮೊಣಕಾಲು ದಾಟುತ್ತಿರಲಿಲ್ಲ. ತರಗು ಸುಟ್ಟುಕೊಂಡು ಮುಂದೆ ಸಾಗಿ, ಹಸಿ ಜಾಗ ಸಿಕ್ಕಲ್ಲಿ ತಾನೇ ಆರುತ್ತಿತ್ತು. ದೊಡ್ಡ ಮರಕ್ಕೆ ಏನೂ ಆಗುತ್ತಿರಲಿಲ್ಲ. ಮಳೆ ಬಿದ್ದ ಮೇಲೆ ಅಲ್ಲಿ ಹೊಸ ಹುಲ್ಲು ಬರುತ್ತಿತ್ತು. ಜಿಂಕೆ, ಕಡವೆ, ಕಾಟಿಗೆ ಬೇಕಾಗಿದ್ದು ಅದೇ ಹುಲ್ಲು. ಏಪ್ರಿಲ್‌ನಲ್ಲಿ ಬೆಟ್ಟಕ್ಕೆ ಬೆಟ್ಟವೇ ಹೊತ್ತಿ ಉರಿಯುವ ಬೆಂಕಿಯನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ಅದು ಬೇರೆ, ಇದು ಬೇರೆ. ವರ್ಷವರ್ಷವೂ ತರಗು ಸುಟ್ಟಿದ್ದರೆ ದೊಡ್ಡ ಬೆಂಕಿಗೆ ಬೇಕಾದ ಸರಕೇ ಅಲ್ಲಿ ಕೂಡಿರುವುದಿಲ್ಲ.

ಈ ತರಗು ಬೆಂಕಿ ನಿಂತ ಮೇಲೆ ಏನಾಯಿತು? ಸೋಲಿಗರ ಹಿರಿಯರು ಎರಡು ಮಾತು ಹೇಳುತ್ತಾ ಬಂದರು. ಲಂಟಾನ ಏರಿತು, ಉಪ್ಪಿಲು ಏರಿತು.

ಲಂಟಾನ ಹೊರಗಿನಿಂದ ಬಂದ ಗಿಡ, ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆ ಅಂತ ತಂದದ್ದು. ಹಕ್ಕಿಗಳು ಹಣ್ಣು ತಿಂದು ಬೀಜ ಚೆಲ್ಲುತ್ತವೆ. ಸೋಲಿಗರು ಹೇಳುವ ಪ್ರಕಾರ, ಸಣ್ಣ ಬೆಂಕಿ ಇದ್ದ ಕಾಲದಲ್ಲಿ ಎಳೆ ಸಸಿ ಅಲ್ಲೇ ಸುಟ್ಟು ಹೋಗುತ್ತಿತ್ತು. ಬೆಂಕಿ ನಿಂತ ಮೇಲೆ ಅದಕ್ಕೆ ತಡೆ ಇಲ್ಲವಾಯಿತು. ಇದನ್ನು ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಅಳೆದು ನೋಡಿದರು. 1997ರಲ್ಲಿ ಗುರುತು ಮಾಡಿದ್ದ ಜಾಗಗಳಿಗೇ 2008ರಲ್ಲಿ ಮತ್ತೆ ಹೋಗಿ ನೋಡಿದಾಗ ಲಂಟಾನದ ಹರವು ಸುಮಾರು ಎರಡು ಪಟ್ಟಾಗಿತ್ತು. ಆ ಹೊತ್ತಿಗೆ ಬೆಂಕಿ ನಿಷೇಧವಾಗಿ ದಶಕಗಳೇ ಕಳೆದಿದ್ದವು.

ಉಪ್ಪಿಲು ಅಂದರೆ ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ. ಇದನ್ನು ಹತ್ತಿರದಿಂದ ನೋಡಿದರೆ ಬೇಗ ಅರ್ಥವಾಗುತ್ತದೆ. ಹಕ್ಕಿ ಅದರ ಹಣ್ಣು ತಿನ್ನುತ್ತದೆ, ಬೀಜಕ್ಕೆ ಗೋಂದಿನಂಥ ಅಂಟು. ಕೊಂಬೆಗೆ ಅಂಟಿದ ಬೀಜ ಅಲ್ಲೇ ಮೊಳೆತು ತೊಗಟೆಯ ಒಳಕ್ಕೆ ಬೇರು ಇಳಿಸುತ್ತದೆ. ಕೂತ ಜಾಗದಲ್ಲಿ ಕೊಂಬೆ ಗಂಟುಗಟ್ಟಿ ಊದಿಕೊಳ್ಳುತ್ತದೆ. ಗಂಟಿನಿಂದ ಆಚೆಗೆ ನೆಲ್ಲಿಯ ಎಲೆ ಸಣ್ಣದಾಗುತ್ತಾ, ಕಡಿಮೆಯಾಗುತ್ತಾ ಬಂದು ಕೊನೆಗೆ ಬರೀ ಉಪ್ಪಿಲಿನ ದಪ್ಪ ಎಲೆ ಉಳಿಯುತ್ತದೆ. ದೂರದಿಂದ ನೋಡಿದರೆ ಮರ ಹಸಿರಾಗಿದೆ ಅಂತಲೇ ಅನ್ನಿಸುತ್ತದೆ. ಹತ್ತಿರ ಹೋದರೆ ಆ ಹಸಿರಿನಲ್ಲಿ ನೆಲ್ಲಿಯ ಪಾಲು ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ.

ತರಗು ಬೆಂಕಿಯ ಬಿಸಿ ಉಪ್ಪಿಲಿನ ಎಳೆ ಗಿಡಗಳನ್ನು ಸಾಯಿಸುತ್ತಿತ್ತು ಅನ್ನುವುದು ಸೋಲಿಗರ ಅನುಭವ. ಕಾಯಿ ಕೀಳಲು ಮರ ಹತ್ತಿದವರು ಉಪ್ಪಿಲನ್ನೂ ಕಿತ್ತು ಹಾಕಬಹುದು. ವನ್ಯಜೀವಿ ಕಾಯ್ದೆಯ ತಿದ್ದುಪಡಿ ಬಂದ ಮೇಲೆ, 2004ರ ನಂತರ, ಮಾರಾಟಕ್ಕೆ ಕಿರು ಅರಣ್ಯ ಉತ್ಪನ್ನ ತರುವುದನ್ನೇ ಅಲ್ಲಿ ನಿಲ್ಲಿಸಿದರು. ಜೇನು, ನೆಲ್ಲಿಕಾಯಿ, ಪಾಚಿ, ಸೀಗೆ ಎಲ್ಲವೂ ನಿಂತವು. ಮನೆಯ ಆದಾಯವೂ ಹೋಯಿತು, ಮರದ ಬಳಿಗೆ ಹೋಗುವ ಕೈಗಳೂ ದೂರವಾದವು.

ಸರಿ, ಹಾಗಾದರೆ ಈಗ ಮತ್ತೆ ಬೆಂಕಿ ಹಾಕಲು ಬಿಡಬೇಕಾ ಅಂತ ಕೇಳುತ್ತೀರಿ. ಎಲ್ಲೆಂದರಲ್ಲಿ ಹಾಗೆ ಮಾಡುವಂತಿಲ್ಲ. ಲಂಟಾನ ಈಗ ಆಳೆತ್ತರ ಬೆಳೆದಿದೆ. ಅದಕ್ಕೆ ಬೆಂಕಿ ಹತ್ತಿದರೆ ಜ್ವಾಲೆ ನೇರ ಮರದ ತಲೆಗೆ ಏರುತ್ತದೆ. ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ, ಮರ ಅಷ್ಟು ಸುಲಭಕ್ಕೆ ಚೇತರಿಸಿಕೊಳ್ಳುವುದಿಲ್ಲ. ಮೊದಲು ಲಂಟಾನ ಕೀಳಬೇಕು, ಆಮೇಲೆ ಬೆಂಕಿಯ ಮಾತು. ಇಷ್ಟು ಸೂಕ್ಷ್ಮ ಇರುವ ವಿಷಯವನ್ನು 'ಆದಿವಾಸಿಗಳು ಬೆಂಕಿ ಹಾಕಿ ಕಾಡು ಹಾಳು ಮಾಡಿದರು' ಅಂತ ಒಂದೇ ಸಾಲಿನಲ್ಲಿ ಮುಗಿಸುವುದು ನನಗೆ ಸಹಿಸೋಕೆ ಆಗಲ್ಲ. ಕಾಡಿನವರು ತಪ್ಪೇ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. ನೆಲ್ಲಿಕಾಯಿಗಾಗಿ ಕೊಂಬೆಯನ್ನೇ ಕಡಿದ ಉದಾಹರಣೆ ಇದೆ. ದನಗಳ ಒತ್ತಡ ಇದೆ. ಇವುಗಳನ್ನು ಅಲ್ಲಿನವರ ಜೊತೆ ಕೂತು ಸರಿಪಡಿಸಬಹುದು. ಕಾಡಿನ ಒಂದೊಂದು ಮರದ ಗುರುತು ಇರುವವರನ್ನೇ ಎಬ್ಬಿಸಿ ಕಳಿಸಿದ ಮೇಲೆ ಆ ಕೆಲಸಕ್ಕೆ ಯಾರನ್ನು ಕರೆಯುತ್ತೀರಿ?

ಇನ್ನೊಂದು ಮಾತು. ಬಿಳಿಗಿರಿರಂಗನ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದು 2011ರ ಜನವರಿಯಲ್ಲಿ. ಹುಲಿಗೆ ತಕ್ಕ ಕಾಡು ಅದು ಅಂತ ಸರ್ಕಾರವೇ ಒಪ್ಪಿಕೊಂಡ ಆ ದಿನ ಸೋಲಿಗರು ಅಲ್ಲೇ ಇದ್ದರು. ಅವರ ಅಜ್ಜ, ಮುತ್ತಜ್ಜಂದಿರೂ ಅಲ್ಲೇ ಇದ್ದವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು, ಅಂದರೆ ಕಾಡನ್ನು ಊರಿಗೆ ಊರೇ ಸೇರಿ ಬಳಸುವ, ಕಾಪಾಡುವ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಹಕ್ಕು ಸಿಕ್ಕಿದ ಮೇಲೂ ಅದು ಹುಲಿಗಳಿರುವ ಕಾಡೇ.

ಕಾಯ್ದೆ ಬಂದರೆ ಕಾಡನ್ನೆಲ್ಲ ಹಂಚಿಬಿಡುತ್ತಾರೆ ಅನ್ನುವ ಭಯವೂ ಇದೆ, ಅದನ್ನು ಬೇಗ ಮುಗಿಸುತ್ತೇನೆ. 2006ರ ಈ ಕಾಯ್ದೆ ಕಾಡನ್ನು ಹೊಸದಾಗಿ ಹಂಚುವುದಿಲ್ಲ. 2005ರ ಡಿಸೆಂಬರ್ 13ಕ್ಕೆ ಮೊದಲೇ ಅನುಭವದಲ್ಲಿದ್ದ ಭೂಮಿಗೆ ಮಾತ್ರ ಹಕ್ಕು, ಅದೂ 4 ಹೆಕ್ಟೇರ್ ಮೀರುವಂತಿಲ್ಲ. ಮದುವೆಯಾದವರಿಗೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಹಕ್ಕುಪತ್ರ ಬರುತ್ತದೆ. ಮಕ್ಕಳಿಗೆ ಹೋಗುತ್ತದೆ, ಮಾರುವಂತಿಲ್ಲ. ಬೇಟೆಯ ಹಕ್ಕು ಇಲ್ಲವೇ ಇಲ್ಲ. ಕಾಡುಪ್ರಾಣಿ, ನೀರಿನ ಮೂಲ, ಕಾಡು ಇವನ್ನೆಲ್ಲ ಕಾಪಾಡುವ ಹೊಣೆಯನ್ನು ಅದೇ ಕಾಯ್ದೆ ಗ್ರಾಮಸಭೆಗೆ ವಹಿಸುತ್ತದೆ.

ಮನೆ, ಶಾಲೆ ಕೊಟ್ಟು ಕರೆತರಬಾರದಾ ಅಂದಿರಿ. ತಾವಾಗಿಯೇ ಬರುತ್ತೇವೆ ಅನ್ನುವವರಿಗೆ ದಾರಿ ಇದೆ. ಹುಲಿ ಸಂರಕ್ಷಿತ ಪ್ರದೇಶದಿಂದ ಹೊರಬರುವ ಕುಟುಂಬಕ್ಕೆ ಮೊದಲು 10 ಲಕ್ಷ ಇತ್ತು, 2021ರಲ್ಲಿ 15 ಲಕ್ಷ ಆಯಿತು. ಆದರೆ ಮೊದಲು ಹಕ್ಕು ಗುರುತಿಸಬೇಕು, ಗ್ರಾಮಸಭೆ ಒಪ್ಪಬೇಕು, ಹೋಗುವ ಜಾಗದಲ್ಲಿ ಎಲ್ಲ ಸೌಕರ್ಯ ತಯಾರಿರಬೇಕು. ಆಮೇಲೆ ಸ್ಥಳಾಂತರ. ನಾಗರಹೊಳೆಯಲ್ಲಿ ಕಾಯ್ದೆ ಬರುವ ಮುಂಚೆಯೇ ಜೇನು ಕುರುಬರು, ಬೆಟ್ಟ ಕುರುಬರು, ಯರವರು ಹಾಡಿ ಬಿಟ್ಟು ಹೊರಬಿದ್ದರು. ಹೈಕೋರ್ಟ್ ಸೂಚನೆಯಂತೆ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ ಲೆಕ್ಕ ಹಾಕಿದಾಗ ಹಾಗೆ ಹೊರಬಿದ್ದ ಕುಟುಂಬಗಳು 3,418. ಎಷ್ಟೋ ಜನ ಕೊಡಗಿನ ಕಾಫಿ ತೋಟಗಳ ಲೈನ್ ಮನೆ, ಅಂದರೆ ಕೂಲಿಯವರ ಸಾಲುಮನೆ, ಸೇರಿದರು. ಕೆಲಸ ಇರುವವರೆಗೆ ಮನೆ, ಕೆಲಸ ಹೋದರೆ ಮನೆಯೂ ಹೋಯಿತು. 'ಅವರಿಗೂ ಒಳ್ಳೇದು' ಅನ್ನುವ ಮುಂಚೆ ಈ ಲೈನ್ ಮನೆಗಳನ್ನು ಒಮ್ಮೆ ನೋಡಬೇಕು. ಇನ್ನು ಶಾಲೆ, ಆಸ್ಪತ್ರೆ ಜನ ಇರುವ ಜಾಗಕ್ಕೇ ಬರಬೇಕಾದದ್ದು. ಅದಕ್ಕಾಗಿ ಮನೆ ಬಿಡಿ ಅಂತ ಬೇರೆ ಯಾವ ಊರಿನವರಿಗೂ ನಾವು ಹೇಳುವುದಿಲ್ಲ ಅಲ್ವಾ?

ಯಾರೂ ಕೇಳದ ಒಂದು ವಿಷಯ ಹೇಳಬೇಕು ಅನ್ನಿಸುತ್ತಿದೆ, ಏಕೆಂದರೆ ಮೇಲಿನದ್ದನ್ನು ಓದಿ 'ಓಹೋ, ಇದು ಪರಿಶಿಷ್ಟ ಪಂಗಡದವರ ಕಾಯ್ದೆ' ಅಂದುಕೊಳ್ಳುವವರಿದ್ದಾರೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಎಲ್ಲರಿಗೂ ಗೊತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವಮಾನವಿಡೀ ಸಸಿ ಬೆಳೆಸಿದವರು, ಪದ್ಮಶ್ರೀ ಪಡೆದವರು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಹಾಲಕ್ಕಿ ಸಮುದಾಯದವರು. ಹಾಲಕ್ಕಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಲ್ಲ. ಸೇರಿಸಿ ಅನ್ನುವ ಬೇಡಿಕೆ ಬಹಳ ವರ್ಷಗಳಿಂದ ಇದೆ. ಅದೇ ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಪಟ್ಟಿಯಲ್ಲಿ ಇಲ್ಲದವರೂ ಅರಣ್ಯ ಹಕ್ಕು ಕೇಳಬಹುದು. 'ಇತರ ಪಾರಂಪರಿಕ ಅರಣ್ಯವಾಸಿಗಳು' ಅಂತ ಅವರಿಗೂ ಕಾಯ್ದೆಯಲ್ಲಿ ಜಾಗ ಇದೆ. ಆದರೆ ಷರತ್ತು ಜಾಸ್ತಿ. 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ವಾಸ ಇದ್ದದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ರ ಸಾಕ್ಷಿ ಬೇಕು.

1930ರ ಪಹಣಿ ಎಲ್ಲಿಂದ ತರೋದು ಅಂತ ಜನ ಅಲ್ಲಿಗೇ ಕೈಬಿಡುತ್ತಾರೆ. ತರಬೇಕಾಗಿಲ್ಲ. ಆ 75 ವರ್ಷ ಇರುವುದು ಆ ಪ್ರದೇಶದಲ್ಲಿನ ವಾಸಕ್ಕೆ. ನೀವು ಕೇಳುತ್ತಿರುವ ಅದೇ ತುಂಡು ಭೂಮಿಯನ್ನು 75 ವರ್ಷದಿಂದ ಉಳುತ್ತಿರಬೇಕು ಅಂತ ಅರ್ಥ ಅಲ್ಲ. ಇದನ್ನು ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದೆ. ಇಂಥದ್ದೇ ಕಾಗದ ತನ್ನಿ ಅಂತ ಅರ್ಜಿ ನೋಡುವ ಸಮಿತಿಗಳು ಹಟ ಹಿಡಿಯುವಂತಿಲ್ಲ ಅಂತ ನಿಯಮದಲ್ಲೇ ಇದೆ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದು ಸಾಕ್ಷಿ. ಹಳೆಯ ಬಾವಿ, ಗದ್ದೆಯ ಬದು, ಸ್ಮಶಾನ, ದೇವರ ಬನ ಇವೂ ಸಾಕ್ಷಿ. ವಂಶವೃಕ್ಷವೂ ಸಾಕ್ಷಿ. ಸೋಲಿಗರು ಏಟ್ರೀ ಜೊತೆ ಸೇರಿ ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಇರುವ ನಾನೂರಕ್ಕೂ ಹೆಚ್ಚು ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿಟ್ಟಿದ್ದಾರೆ. ವೀರು ಅಂದರೆ ಅವರ ಒಂದು ಬಗೆಯ ದೈವ, ಕಲ್ಲುಗುಡಿ ಅಂದರೆ ಸತ್ತವರನ್ನು ಮಣ್ಣು ಮಾಡಿದ ಜಾಗ, ಅಬ್ಬಿ ಅಂದರೆ ನೀರಿನ ಸೆಲೆ. ಯಾವ ಕುಲದ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಅಂತ ಕಾಡೊಳಗೆ ನಡೆದು ತೋರಿಸಿದವರು ಅವರೇ. ಪರಂಪರೆ ಅಂದರೆ ವೇದಿಕೆಯ ಮೇಲಿನ ಸೋಲಿಗರ ಗೊರುಕಾನ ಹಾಡು-ಕುಣಿತ ಮಾತ್ರ ಅಂದುಕೊಂಡವರು ಈ ನಕ್ಷೆ ನೋಡಬೇಕು.

ನಿಮ್ಮ ಊರಲ್ಲಿ ಯಾರದ್ದಾದರೂ ಅರ್ಜಿ ತಿರಸ್ಕಾರ ಆಗಿದೆಯಾ? 'ರಿಜೆಕ್ಟ್ ಆಗಿದೆ' ಅಂತ ಬಾಯಿಮಾತಲ್ಲಿ ಹೇಳಿ ಕಳಿಸಿದರೆ ಒಪ್ಪಿಕೊಂಡು ಬರಬೇಡಿ. ಕಾರಣ ಏನು ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಗ್ರಾಮಸಭೆಯ ತೀರ್ಮಾನ ಸರಿ ಇಲ್ಲ ಅನ್ನಿಸಿದರೆ ಉಪವಿಭಾಗ ಸಮಿತಿಗೆ, ಅಲ್ಲಿಯೂ ಆಗದಿದ್ದರೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು. ಪ್ರತಿ ಹಂತಕ್ಕೂ 60 ದಿನ ಕಾಲಾವಕಾಶ ಇದೆ, ಸರಿಯಾದ ಕಾರಣ ಇದ್ದರೆ ಇನ್ನೂ 30 ದಿನ ಕೊಡಬಹುದು. ಅವಧಿ ಮೀರಿ ಹೋಗದ ಹಾಗೆ, ತೀರ್ಮಾನದ ದಿನಾಂಕವೂ ನಿಮಗೆ ತಿಳಿಸಿದ ದಿನಾಂಕವೂ ಕಾಗದದ ಮೇಲೆ ಇವೆಯಾ ಅಂತ ಮೊದಲು ನೋಡಿಕೊಳ್ಳಿ.