ಮುಂಗಾರಿಗೆ ಹೊಂದದ ಅನುದಾನ ವರ್ಷ

ರಾಷ್ಟ್ರೀಯ ಸಂಶೋಧನಾ ಸಂಸ್ಥೆಗಳ ಸುಧಾರಣೆಯ ಮಾತು ಬಂದಾಗಲೆಲ್ಲ ಚರ್ಚೆ ಅನುದಾನದ ಮೊತ್ತದಲ್ಲೇ ಮುಗಿದುಹೋಗುತ್ತದೆ. 2020-21ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟನ್ನು ಮಾತ್ರ ಸಂಶೋಧನೆಗೆ ವ್ಯಯಿಸಿದ ದೇಶದಲ್ಲಿ ಅದು ಸಹಜವೇ. ಆದರೆ ತೀರ್ಥಹಳ್ಳಿ, ಹೊಸನಗರ ಭಾಗದ ತೋಟಗಳಲ್ಲಿ ಅಡಿಕೆಯ ರೋಗಗಳನ್ನು ಅಧ್ಯಯನ ಮಾಡುತ್ತ ಬಂದ ನನ್ನನ್ನು ಹೆಚ್ಚು ಕಾಡಿರುವುದು, ಆ ಹಣ ಯಾವ ತಿಂಗಳಲ್ಲಿ ಕೈಸೇರುತ್ತದೆ ಎಂಬ ಪ್ರಶ್ನೆ.

ಮಳೆಗಾಲದಲ್ಲಿ ಅಡಿಕೆ ಕಾಯಿಗಳನ್ನು ಕೊಳೆಸಿ ಉದುರಿಸುವ ಕೊಳೆರೋಗವನ್ನೇ ನೋಡಿ. ಇದಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಶೇ. 1ರ ಬೋರ್ಡೊ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೊಮ್ಮೆ, ಸುಮಾರು 40-45 ದಿನಗಳ ಬಳಿಕ ಇನ್ನೊಮ್ಮೆ ಸಿಂಪಡಿಸಬೇಕು. (ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆ ಇಲ್ಲಿ ರೂಢಿಗೆ ತಂದ ಔಷಧವನ್ನೇ ನಾವಿನ್ನೂ ನೆಚ್ಚಿಕೊಂಡಿದ್ದೇವೆ.) ಹೊಸದೊಂದನ್ನು ಪರೀಕ್ಷಿಸಬೇಕಾದರೆ ಮೇ ತಿಂಗಳೊಳಗೆ ಮರಗಳಿಗೆ ಗುರುತು ಹಾಕಿ, ಮರ ಹತ್ತಿ ಸಿಂಪಡಿಸುವ ಕೊನೆಗಾರರನ್ನು ಗೊತ್ತುಮಾಡಿಕೊಂಡು, ಹೋಲಿಕೆಗಾಗಿ ಸಿಂಪಡಿಸದೆ ಬಿಡುವ ಸಾಲುಗಳಿಗೆ ತೋಟದವರನ್ನು ಒಪ್ಪಿಸಿರಬೇಕು; ಒಪ್ಪಿಸುವುದೆಂದರೆ ಅವರ ನಷ್ಟ ತುಂಬಿಕೊಡುವುದು ಎಂದೇ ಅರ್ಥ. ಮೊದಲ ಕಂತು ಆಷಾಢ ಕಳೆದ ಮೇಲೆ ಬಂದರೆ ಆ ವರ್ಷದ ಪ್ರಯೋಗ ಕೈಬಿಟ್ಟಂತೆಯೇ. ಮೂರು ವರ್ಷದ ಯೋಜನೆಯಲ್ಲಿ ಒಂದು ಮಳೆಗಾಲ ತಪ್ಪಿತೆಂದರೆ, ಉಳಿದೆರಡರ ಅಂಕಿಅಂಶ ನೆಚ್ಚಿ ಶಿಫಾರಸು ಮಾಡಲು ಧೈರ್ಯ ಸಾಲುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯದು ಇದೇ ಕಷ್ಟದ ಇನ್ನೊಂದು ಮುಖ. ಅದನ್ನು ಹರಡುವ ಮರಿ ಉಣುಗುಗಳು (ಉಣ್ಣೆಗಳು) ಹೆಚ್ಚಿ ಕಾಯಿಲೆ ಏರುವುದು ಜನವರಿಯಿಂದ ಮೇ ನಡುವೆ. ಲೆಕ್ಕ ಮುಚ್ಚುವ ಮಾರ್ಚ್ 31 ಸರಿಯಾಗಿ ಅದರ ಮಧ್ಯಕ್ಕೆ ಬೀಳುತ್ತದೆ.

ಸಂಶೋಧನೆಗೆ ಹಣ ಒದಗಿಸಲೆಂದು 2023ರ ಕಾಯ್ದೆಯಿಂದ ರೂಪುಗೊಂಡ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿದ್ದು, ಅದರ ಬಹುಪಾಲು ಸರ್ಕಾರದ ಹೊರಗಿನಿಂದ ಬರಬೇಕಿದೆ. ಅಡಿಕೆ ರೋಗಕ್ಕೋ ಉಣುಗಿಗೋ ಖಾಸಗಿ ಹೂಡಿಕೆ ತಾನಾಗಿ ಹರಿದುಬರುತ್ತದೆಂಬ ನಂಬಿಕೆ ನನಗಿಲ್ಲ. 2025ರ ಜೂನ್‌ನಲ್ಲಿ ಕೇಂದ್ರವು ವೈಜ್ಞಾನಿಕ ಸಂಸ್ಥೆಗಳ ಖರೀದಿ ನಿಯಮ ಸಡಿಲಿಸಿ, ದರಪಟ್ಟಿಯಿಲ್ಲದೆ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿದ್ದು, ಸರ್ಕಾರಿ ಖರೀದಿಯ ಆನ್‌ಲೈನ್ ತಾಣವಾದ ಜೆಮ್ ಪೋರ್ಟಲ್‌ನ ಹೊರಗೆ ಖರೀದಿಸಲು ನಿರ್ದೇಶಕರಿಗೆ ಅಧಿಕಾರ ಕೊಟ್ಟಿದ್ದು ನಿಜಕ್ಕೂ ಉಪಯುಕ್ತ ಹೆಜ್ಜೆ. ಆದರೆ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದಾಗ ಡೀಪ್ ಫ್ರೀಜರ್‌ನಲ್ಲಿರುವ ಮಾದರಿಗಳನ್ನು ಉಳಿಸಬೇಕಾದವರು ಕ್ಷೇತ್ರ ಕೇಂದ್ರದ ಮುಖ್ಯಸ್ಥರು. ಜನರೇಟರ್ ರಿಪೇರಿಯ ಕಡತ ಕೇಂದ್ರ ಕಚೇರಿಗೆ ಹೋಗಿ ಬರುವವರೆಗೆ ಶಿಲೀಂಧ್ರ ಕಾಯುವುದಿಲ್ಲ. ಆ ಖರೀದಿ ಅಧಿಕಾರದ ಒಂದು ಪಾಲನ್ನು ಕ್ಷೇತ್ರ ಕೇಂದ್ರಗಳಿಗೆ ಇಳಿಸಿ, ಉಳಿಕೆ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲು ಬಿಟ್ಟು, ಯೋಜನೆಯ ವರ್ಷವನ್ನು ರೋಗದ ಋತುವಿನಿಂದ ಎಣಿಸಲು ಹೊಸ ಕಾಯ್ದೆಯೇನೂ ಬೇಡ, ಹಣಕಾಸು ವಿಭಾಗದ ಒಂದು ಸುತ್ತೋಲೆ ಸಾಕು.