ಬೀಗ ಬಿದ್ದ ಟಿವಿ, ತೆರೆದಿಟ್ಟ ಲಿನಕ್ಸ್: ಕೊಡಗಿನ ಮನೆಯಲ್ಲಿ ರೆಕಾರ್ಡಿಂಗ್ ಕಷ್ಟವಾದ ಹಿನ್ನೆಲೆ

ತಲಕಾವೇರಿಯ ತೀರ್ಥೋದ್ಭವಕ್ಕೆ ಪ್ರತಿ ವರ್ಷ ಒಂದೇ ಹೊತ್ತು ಅಂತಿಲ್ಲ. 2023ರಲ್ಲಿ ನಡುರಾತ್ರಿ ದಾಟಿ 1.27ಕ್ಕೆ ಆಯಿತು, 2024ರಲ್ಲಿ ಬೆಳಿಗ್ಗೆ 7.40ಕ್ಕೆ. ಅಪರಾತ್ರಿಯ ಮುಹೂರ್ತ ಬಂದ ವರ್ಷ ನೇರಪ್ರಸಾರವನ್ನು ರೆಕಾರ್ಡ್ ಮಾಡಿಟ್ಟು ಬೆಳಿಗ್ಗೆ ಹಿರಿಯರಿಗೆ ತೋರಿಸೋಣ ಅನ್ನಿಸುವುದು ಸಹಜ. ವಿಸಿಆರ್ ಇದ್ದ ಕಾಲದಲ್ಲಿ ಅದಕ್ಕೆ ಒಂದು ಖಾಲಿ ಕ್ಯಾಸೆಟ್ ಮತ್ತು ಟೈಮರ್ ಸಾಕಿತ್ತು. ಈಗ ಹಲವು ಮನೆಗಳಲ್ಲಿ ಕಂಪ್ಯೂಟರ್ ಇದೆ, ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಆದರೂ ಆ ಸಣ್ಣ ಕೆಲಸ ದೊಡ್ಡದಾಗಿದೆ. ತಂತ್ರಜ್ಞಾನ ಹಿಂದೆ ಬಿದ್ದದ್ದು ಇದಕ್ಕೆ ಕಾರಣವಲ್ಲ. ರೆಕಾರ್ಡ್ ಮಾಡುವ ಕೆಲಸ ಸುಲಭವಾದ ಹೊತ್ತಿಗೇ ಪ್ರಸಾರಕ್ಕೆ ಬೀಗ ಬಿತ್ತು. ಬೀಗ ಇಲ್ಲದೆ ಉಳಿದದ್ದು ಉಚಿತ ಉಪಗ್ರಹ ಪ್ರಸಾರದ ದಾರಿ. ಕೊಡಗಿನಲ್ಲಿ ಆ ದಾರಿಗೆ ಮಳೆ, ಮರ, ಕರೆಂಟು ಅಡ್ಡ ಬರುತ್ತವೆ.

ಅನಲಾಗ್ ಕಾಲದ ಕಂಪ್ಯೂಟರ್ ರೆಕಾರ್ಡಿಂಗ್ ನಿಜಕ್ಕೂ ಭಾರದ ಕೆಲಸವಾಗಿತ್ತು. ಬಿಟಿ 878 ಚಿಪ್ ಇರುವ ಪಿಸಿಐ ಟಿವಿ ಕಾರ್ಡನ್ನು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ‘ವಿಡಿಯೊ ಫಾರ್ ಲಿನಕ್ಸ್’ ವ್ಯವಸ್ಥೆ ಗುರುತಿಸುತ್ತಿತ್ತು. ಕೇಬಲ್ ತಂತಿಯನ್ನು ನೇರವಾಗಿ ಕಾರ್ಡಿಗೆ ಸಿಕ್ಕಿಸಿದರೆ ಚಾನೆಲ್ ಬರುತ್ತಿತ್ತು. ಆದರೆ 720 ಗುಣಿಸು 576 ಚುಕ್ಕಿಯ ಚಿತ್ರ ಸೆಕೆಂಡಿಗೆ 25ರಂತೆ ಬಂದಾಗ ಸುಮಾರು 20 ಎಂಬಿ ಕಚ್ಚಾ ಮಾಹಿತಿ ಆಗುತ್ತದೆ. ಅದನ್ನು ಆ ಕ್ಷಣದಲ್ಲೇ ಕುಗ್ಗಿಸಬೇಕಾಗಿ ಬಂದು ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. 2002ರಲ್ಲಿ ಐಸಾಕ್ ರಿಚರ್ಡ್ಸ್ ಶುರು ಮಾಡಿದ ಮಿಥ್‌ಟಿವಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹುಟ್ಟಿದ್ದು ಆ ಕಾಲದಲ್ಲಿ. ಅದಕ್ಕೂ ಮೊದಲು, 2000ದ ಸುಮಾರಿಗೆ, ಜರ್ಮನಿಯ ಕ್ಲಾಸ್ ಶ್ಮಿಡಿಂಗರ್ ಡಿಜಿಟಲ್ ಉಪಗ್ರಹ ಪ್ರಸಾರಕ್ಕಾಗಿಯೇ ವಿಡಿಆರ್ ಎಂಬ ರೆಕಾರ್ಡರ್ ಸಾಫ್ಟ್‌ವೇರ್ ಬರೆದರು.

ಡಿಜಿಟಲ್ ಪ್ರಸಾರದಲ್ಲಿ ಚಿತ್ರವನ್ನು ಕುಗ್ಗಿಸುವ ಕೆಲಸ ವಾಹಿನಿಯವರ ಕಡೆಯಲ್ಲೇ ಮುಗಿದಿರುತ್ತದೆ. ಗಾಳಿಯಲ್ಲಿ ಬರುವ ಧಾರೆಯನ್ನು ಇದ್ದ ಹಾಗೇ ಡಿಸ್ಕಿಗೆ ಬರೆದರೆ ರೆಕಾರ್ಡಿಂಗ್ ಆಯಿತು. ಸೆಕೆಂಡಿಗೆ 3 ಮೆಗಾಬಿಟ್‌ನ ಸಾಮಾನ್ಯ ಚಾನೆಲ್ ಗಂಟೆಗೆ ಸುಮಾರು 1.35 ಜಿಬಿ ಹಿಡಿಯುತ್ತದೆ, ಅಷ್ಟೇ. ಮೂಲೆಗೆ ಹಾಕಿದ ಹಳೇ ಲ್ಯಾಪ್‌ಟಾಪ್ ಕೂಡ ನಿದ್ದೆಗಣ್ಣಲ್ಲಿ ಮಾಡುವಷ್ಟು ಹಗುರ ಕೆಲಸ.

ಬೀಗ ಬಂದದ್ದೂ ಆಗಲೇ. 2011ರಲ್ಲಿ ಕೇಬಲ್ ಟಿವಿ ಕಾಯ್ದೆಗೆ ತಿದ್ದುಪಡಿ ಬಂತು. 2012ರ ಅಕ್ಟೋಬರ್ ಕೊನೆಗೆ ಮಹಾನಗರಗಳಿಂದ ಆರಂಭವಾದ ಕಡ್ಡಾಯ ಡಿಜಿಟಲೀಕರಣ 2017ರ ಮಾರ್ಚ್ ಗಡುವಿನ ಹೊತ್ತಿಗೆ ಹಳ್ಳಿಯನ್ನೂ ಮುಟ್ಟಿತು. ಕೇಬಲ್‌ನಲ್ಲಿ ಬರುವ ಧಾರೆ ಗೂಢಲಿಪಿಯಾಯಿತು, ಅದನ್ನು ಬಿಡಿಸುವ ಕೀಲಿ ಸೆಟ್‌ಟಾಪ್ ಬಾಕ್ಸಿನ ಒಳಗೆ ಸೇರಿತು. ಪಾವತಿ ಡಿಟಿಎಚ್ 2003ರಲ್ಲಿ ಡಿಷ್ ಟಿವಿ ಬಂದಾಗಿನಿಂದಲೂ ಹೀಗೇ. 2008ರಲ್ಲಿ ಟಾಟಾ ಸ್ಕೈ ಪ್ಲಸ್ ರೆಕಾರ್ಡರ್ ಪೆಟ್ಟಿಗೆ ಬಂತಾದರೂ ಅದರೊಳಗಿನ ಕಡತವನ್ನು ತೆಗೆದು ಬೇರೆ ಕಂಪ್ಯೂಟರಿನಲ್ಲಿ ನೋಡುವ ಹಾಗಿರಲಿಲ್ಲ. ಇತ್ತ ದೂರದರ್ಶನದ ಅನಲಾಗ್ ಪ್ರಸಾರ ಕೇಂದ್ರಗಳು, ಗಡಿಭಾಗದಂಥ ಕೆಲವು ಆಯಕಟ್ಟಿನ ಜಾಗಗಳನ್ನು ಬಿಟ್ಟು, 2021ರ ಅಕ್ಟೋಬರ್ ಹೊತ್ತಿಗೆ ಮುಚ್ಚಿದವು. ಬೆಂಗಳೂರಿನಂಥ ಕೆಲವು ನಗರಗಳಿಗೆ 2016ರಲ್ಲಿ ಬಂದ ಡಿವಿಬಿ-ಟಿ2 ಎಂಬ ಡಿಜಿಟಲ್ ಭೂಪ್ರಸಾರ (ನೆಲದ ಗೋಪುರದಿಂದ ಆಂಟೆನಾಗೆ ಬರುವುದು) ಘಟ್ಟ ಹತ್ತಲಿಲ್ಲ. ಹೀಗಾಗಿ ಡಿವಿಬಿ-ಟಿ2 ಯುಎಸ್‌ಬಿ ಕಡ್ಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಮಡಿಕೇರಿಯಲ್ಲಿ ಸಿಕ್ಕಿಸಿದರೆ ಸ್ಕ್ಯಾನ್‌ನಲ್ಲಿ ಏನೂ ಬಾರದು. ತಪ್ಪು ಕಡ್ಡಿಯದ್ದಲ್ಲ.

ಕಾನೂನು ಏನನ್ನುತ್ತದೆ ಎಂಬುದೂ ತಿಳಿದಿರಬೇಕು. ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ಪ್ರಸಾರವೊಂದನ್ನು ಸ್ವಂತ ಖಾಸಗಿ ಬಳಕೆಗೆ ರೆಕಾರ್ಡ್ ಮಾಡಿಕೊಳ್ಳುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. 2012ರಲ್ಲಿ ಸೇರಿದ 65ಎ ಕಲಂ ಮಾತ್ರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವಾಗಿಸಿತು. ಇಂಟರ್‌ನೆಟ್‌ನಲ್ಲಿ ಕಾರ್ಡ್ ಹಂಚಿಕೆಯ ಹೆಸರಲ್ಲಿ ಪಾವತಿ ಚಾನೆಲ್‌ಗಳ ಬೀಗ ತೆಗೆಯುವ ಕೀಲಿ ಮಾರುವವರ ಹತ್ತಿರ ಹೋಗಲೇಬೇಡಿ. ಹಣ ಹೋಗುವುದರ ಜೊತೆಗೆ ತಗಾದೆಯೂ ಅಂಟಿಕೊಳ್ಳುತ್ತದೆ.

ಉಳಿದ ಬಾಗಿಲು ಡಿಡಿ ಫ್ರೀ ಡಿಷ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾಗಿ, ಈಗ 93.5 ಡಿಗ್ರಿ ಪೂರ್ವದ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ತಿಂಗಳ ಬಾಡಿಗೆ ಇಲ್ಲ, ಚಂದನವೂ ಇದರಲ್ಲಿದೆ. ಲಿನಕ್ಸ್ ರೆಕಾರ್ಡಿಂಗ್‌ಗೆ ಕೊಡಗಿನಲ್ಲಿ ನಂಬಬಹುದಾದ ಮೂಲ ಇದೇ.

ಲಿನಕ್ಸ್ ಕಡೆಯ ಕಥೆಯಲ್ಲಿ ಒಂದು ತಿರುವನ್ನು ಹೇಳಲೇಬೇಕು. ಡಿವಿಬಿ-ಎಸ್2 ಎಂಬ ಎರಡನೇ ಪೀಳಿಗೆಯ ಉಪಗ್ರಹ ಪ್ರಸಾರ ಬಂದಾಗ ಅದನ್ನು ಕರ್ನಲ್‌ನಲ್ಲಿ ಹೇಗೆ ಬೆಂಬಲಿಸಬೇಕೆಂದು ಎರಡು ಬಣವಾಯಿತು. ಮಲ್ಟಿಪ್ರೊಟೊ ಎಂಬ ದಾರಿ ವರ್ಷಗಟ್ಟಲೆ ಹೊರಗೇ ಕಾದಿತ್ತು, ಕೊನೆಗೆ ಎಸ್2ಎಪಿಐ ಗೆದ್ದು 2008ರ ಡಿಸೆಂಬರ್‌ನ 2.6.28 ಕರ್ನಲ್‌ಗೆ ಸೇರಿತು. ಆ ಜಗಳದ ಕಾಲದಲ್ಲಿ ಬರೆದ ಸೂಚನೆಗಳು ಇಂದಿಗೂ ಹುಡುಕಾಟದಲ್ಲಿ ಮೇಲೆ ಬರುತ್ತವೆ. ‘ಮಲ್ಟಿಪ್ರೊಟೊ ಪ್ಯಾಚ್ ಹಾಕಿ’ ಎಂದು ಎಲ್ಲಾದರೂ ಕಂಡರೆ ಆ ಪುಟ ಮುಚ್ಚಿಬಿಡಿ.

ಕೊಳ್ಳುವಾಗ ಬರೀ ಡಿವಿಬಿ-ಎಸ್ ಕಾರ್ಡ್ ಬೇಡ, ಎಂಪೆಗ್-4 ಚಾನೆಲ್‌ಗಳು ಡಿವಿಬಿ-ಎಸ್2ನಲ್ಲಿ ಬರುವುದರಿಂದ ಅವು ತಪ್ಪಿಹೋಗುತ್ತವೆ. ಡಿವಿಬಿಸ್ಕೈ ಎಸ್960ರಂಥ ಯುಎಸ್‌ಬಿ ಪೆಟ್ಟಿಗೆಗೆ ಡ್ರೈವರ್ ಕರ್ನಲ್‌ನಲ್ಲೇ ಇದೆ, ಆದರೆ ಫರ್ಮ್‌ವೇರ್ (ಪೆಟ್ಟಿಗೆಯೊಳಗೆ ಓಡುವ ಪುಟ್ಟ ಸಾಫ್ಟ್‌ವೇರ್) ಕಡತವನ್ನು ಪ್ರತ್ಯೇಕವಾಗಿ ಹಾಕಬೇಕು. ಲಿಬ್ರೆಎಲೆಕ್ ಯೋಜನೆಯವರು ಇವನ್ನೆಲ್ಲ ಒಂದೇ ಕಟ್ಟಾಗಿ ಇಟ್ಟಿದ್ದಾರೆ. ಕರ್ನಲ್ ಲಾಗ್‌ನಲ್ಲಿ ಫರ್ಮ್‌ವೇರ್ ಲೋಡ್ ವಿಫಲ, ಎರರ್ ಮೈನಸ್ 2 ಎಂದು ಕಂಡರೆ ಕಡತ ಜಾಗದಲ್ಲಿಲ್ಲ ಎಂದರ್ಥ. ಟಿಬಿಎಸ್ ಕಾರ್ಡುಗಳ ಗುಣಮಟ್ಟ ಚೆನ್ನ. ಆದರೆ ಹೊರಗಿನ ಡ್ರೈವರ್ ಕಟ್ಟಿಕೊಳ್ಳಬೇಕಾದ ಮಾದರಿಯಾದರೆ ಪ್ರತಿ ಕರ್ನಲ್ ಅಪ್‌ಡೇಟ್ ಆದ ಮೇಲೂ ಅದೇ ಕೆಲಸ ಮತ್ತೆ ಮಾಡಬೇಕು. ಇಂಥ ಯಂತ್ರದಲ್ಲಿ ತಾನಾಗಿಯೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿಡಿ.

ಸಾಫ್ಟ್‌ವೇರ್ ವಿಷಯದಲ್ಲಿ ನಮ್ಮ ಆಯ್ಕೆ ಟಿವಿಹೆಡ್‌ಎಂಡ್. ಮಿಥ್‌ಟಿವಿಯಲ್ಲಿ ಜಾಹೀರಾತು ಗುರುತಿಸುವಂಥ ಸೌಲಭ್ಯ ಹೆಚ್ಚು, ನಿಜ. ಆದರೆ ಅದು ಮಾರಿಯಾಡಿಬಿ ಡೇಟಾಬೇಸನ್ನು ನೆಚ್ಚಿಕೊಂಡಿದೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಟೇಬಲ್‌ಗಳು ಕೆಡಬಹುದು, ಆಮೇಲೆ ರಿಪೇರಿಗೆ ಕೂರಬೇಕು. ಕಕ್ಕಡ (ಜುಲೈ-ಆಗಸ್ಟ್) ತಿಂಗಳ ಮಳೆಯಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವ ಕಡೆ ಇದು ಸಣ್ಣ ಮಾತಲ್ಲ. ಟಿವಿಹೆಡ್‌ಎಂಡ್ ತನ್ನ ಸೆಟ್ಟಿಂಗ್‌ಗಳನ್ನು ಸಾದಾ ಪಠ್ಯ ಕಡತಗಳಲ್ಲಿ ಇಡುತ್ತದೆ, ಒಂದು ಫೋಲ್ಡರ್ ನಕಲು ಮಾಡಿಟ್ಟರೆ ಬ್ಯಾಕಪ್ ಆದಂತೆ.

ಡೆಬಿಯನ್ ಅಥವಾ ಉಬುಂಟುವಿನಲ್ಲಿ ಯೋಜನೆಯವರದೇ ರೆಪಾಸಿಟರಿ ಸೇರಿಸಿ ಇನ್‌ಸ್ಟಾಲ್ ಮಾಡಿದಾಗ ಅಡ್ಮಿನ್ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಬರೆದಿಟ್ಟುಕೊಳ್ಳಿ. ಅದು ಓಡುವುದು ‘ಎಚ್‌ಟಿಎಸ್’ ಎಂಬ ಬಳಕೆದಾರನ ಹೆಸರಲ್ಲಿ. ಆ ಬಳಕೆದಾರ ‘ವಿಡಿಯೊ’ ಗುಂಪಿನಲ್ಲಿ ಇಲ್ಲದಿದ್ದರೆ ಕಾರ್ಡ್ ಇದ್ದೂ ಅಡಾಪ್ಟರ್ ಪಟ್ಟಿ ಖಾಲಿ ಕಾಣುತ್ತದೆ. ಬ್ರೌಸರಿನಲ್ಲಿ 9981ನೇ ಪೋರ್ಟ್ ತೆರೆದಾಗ ವಿಝರ್ಡ್ ಬಂದರೆ ರದ್ದು ಮಾಡಿ, ಅದರಲ್ಲಿನ ಸಿದ್ಧ ಪಟ್ಟಿಗಳು ಹಳತಾಗಿರುವ ಸಂಭವ ಹೆಚ್ಚು. ಮೊದಲು ಡಿವಿಬಿ-ಎಸ್ ನೆಟ್‌ವರ್ಕ್ ಒಂದನ್ನು ಸೃಷ್ಟಿಸಿ, ಆಮೇಲೆ ಅಡಾಪ್ಟರನ್ನು ಚಾಲೂ ಮಾಡಿ, ಎಲ್‌ಎನ್‌ಬಿ (ಡಿಷ್ ಮುಂದಿರುವ, ಸಿಗ್ನಲ್ ಹಿಡಿಯುವ ತಲೆ) ವಿಧ ‘ಯೂನಿವರ್ಸಲ್’ ಎಂದು ಆರಿಸಿ, ನೆಟ್‌ವರ್ಕನ್ನು ಅದಕ್ಕೆ ಜೋಡಿಸಿ.

ಮುಂದೆ ಮಕ್ಸ್, ಅಂದರೆ ಹಲವು ಚಾನೆಲ್‌ಗಳನ್ನು ಒಟ್ಟಿಗೆ ಹೊತ್ತು ತರುವ ಒಂದೊಂದು ಫ್ರೀಕ್ವೆನ್ಸಿ, ಸೇರಿಸುವ ಹಂತ. ಬಹಳ ಜನ ಎಡವುವುದು ಇಲ್ಲೇ. ಸೆಟ್‌ಟಾಪ್ ಬಾಕ್ಸಿನಲ್ಲಿ 11090, ವರ್ಟಿಕಲ್, 29500 ಎಂದು ಒತ್ತಿ ರೂಢಿಯಾಗಿರುತ್ತದೆ. ಟಿವಿಹೆಡ್‌ಎಂಡ್ ಫ್ರೀಕ್ವೆನ್ಸಿಯನ್ನು ಕಿಲೋಹರ್ಟ್ಸ್‌ನಲ್ಲೂ ಸಿಂಬಲ್ ರೇಟನ್ನು ಬಿಡಿ ಸಂಖ್ಯೆಯಲ್ಲೂ ಕೇಳುತ್ತದೆ. ಹಾಗಾಗಿ 11090000 ಮತ್ತು 29500000 ಎಂದೇ ತುಂಬಬೇಕು. ಮೂರು ಸೊನ್ನೆ ಬಿಟ್ಟರೆ ಸ್ಕ್ಯಾನ್ ‘ಫೇಲ್’ ಎನ್ನುತ್ತದೆ, ಜನ ಡಿಷ್ ತಿರುಗಿಸಲು ಮಾಡು ಹತ್ತುತ್ತಾರೆ. ಸ್ಕ್ಯಾನ್ ಆದ ಸರ್ವಿಸ್‌ಗಳನ್ನು ಚಾನೆಲ್‌ಗಳಿಗೆ ಮ್ಯಾಪ್ ಮಾಡಿದರೆ ನೋಡಲು ಸಿದ್ಧ. ಫ್ರೀ ಡಿಷ್‌ನ ಜಾಗಗಳು ಹರಾಜಾಗುವುದರಿಂದ ಚಾನೆಲ್‌ಗಳು ಸ್ಥಳ ಬದಲಿಸುತ್ತವೆ, ಸಾಮಾನ್ಯವಾಗಿ ಏಪ್ರಿಲ್ ಆರಂಭದಲ್ಲಿ ಒಮ್ಮೆ ಮತ್ತೆ ಸ್ಕ್ಯಾನ್ ಮಾಡಬೇಕು.

ಒಂದೇ ಟ್ಯೂನರ್‌ನಿಂದ ಎರಡು ಚಾನೆಲ್ ಒಟ್ಟಿಗೆ ರೆಕಾರ್ಡ್ ಆಗುತ್ತದೆಯೇ? ಎರಡೂ ಒಂದೇ ಮಕ್ಸ್‌ನಲ್ಲಿದ್ದರೆ ಆಗುತ್ತದೆ. ಬೇರೆ ಮಕ್ಸ್ ಆದರೆ ಎರಡನೇ ಟ್ಯೂನರ್ ಬೇಕು.

ಇಷ್ಟು ಮಾಡುವುದು ಬೆಂಗಳೂರಲ್ಲೂ ಒಂದೇ, ನಾಪೋಕ್ಲಿನಲ್ಲೂ ಒಂದೇ. ಮುಂದಿನದು ಕೊಡಗಿನದೇ ಪಾಡು. ಮಡಿಕೇರಿಯಿಂದ ನೋಡಿದರೆ ಜಿಸ್ಯಾಟ್-15 ಇರುವುದು ಉತ್ತರದಿಂದ ಪ್ರದಕ್ಷಿಣೆಯಾಗಿ 124 ಡಿಗ್ರಿಯಲ್ಲಿ, ಅಂದರೆ ಹೆಚ್ಚುಕಡಿಮೆ ಆಗ್ನೇಯಕ್ಕೆ. ದಿಗಂತದಿಂದ ಎತ್ತರ ಸುಮಾರು 65 ಡಿಗ್ರಿ. ಇಷ್ಟು ಎತ್ತರದಲ್ಲಿರುವ ಉಪಗ್ರಹಕ್ಕೆ ಬೆಟ್ಟ ಅಡ್ಡ ಬರುವುದು ಅಪರೂಪ, ಅಡ್ಡ ಬರುವುದು ತೋಟದ ಸಿಲ್ವರ್ ಮರ. ಅದನ್ನು ಕಂಡುಹಿಡಿಯಲು ಯಾವ ಉಪಕರಣವೂ ಬೇಡ. ಮಾರ್ಚ್ ನಡುವಿನ ಕೆಲವು ದಿನ ಬೆಳಿಗ್ಗೆ ಸುಮಾರು 11.10ಕ್ಕೆ, ಸೆಪ್ಟೆಂಬರ್ ಕೊನೆಯಲ್ಲಿ ಸುಮಾರು 10.55ಕ್ಕೆ ಸೂರ್ಯ ಇಲ್ಲಿಂದ ನೋಡಿದರೆ ಉಪಗ್ರಹದ ಹಿಂದೆಯೇ ಬರುತ್ತಾನೆ. ಆ ಹೊತ್ತಿಗೆ ಡಿಷ್ ಮೇಲೆ ಕೊಂಬೆಯ ನೆರಳು ಬಿದ್ದರೆ ಸಿಗ್ನಲ್ ಮೇಲೂ ಅದೇ ಕೊಂಬೆ ಬಿದ್ದಿದೆ ಎಂದು ಲೆಕ್ಕ. ಬೇಸಿಗೆಯಲ್ಲಿ ಮರಗಳ ಕೊಂಬೆ ಕಪಾತು ಆದ ಮೇಲೆ ಚೆನ್ನಾಗಿದ್ದ ಸಿಗ್ನಲ್ ಆಗಸ್ಟ್‌ನಲ್ಲಿ ಕುಸಿಯುವುದಕ್ಕೆ ಚಿಗುರಿದ, ನೆನೆದ ಎಲೆಯೂ ಒಂದು ಕಾರಣ. ಅಂದಹಾಗೆ, ಆ ದಿನಗಳಲ್ಲಿ ಸೂರ್ಯನ ಗದ್ದಲದಿಂದ ಕೆಲವು ನಿಮಿಷ ಚಿತ್ರ ಹೋಗುವುದು ಸಹಜ, ಏನೂ ಕೆಟ್ಟಿರುವುದಿಲ್ಲ.

ಮಳೆಯದ್ದು ಇನ್ನೂ ದೊಡ್ಡ ಸಮಸ್ಯೆ. ಫ್ರೀ ಡಿಷ್ ಬಳಸುವ ಕೆಯು ಬ್ಯಾಂಡ್‌ನ ತರಂಗ ಸುಮಾರು 2.7 ಸೆಂಟಿಮೀಟರ್ ಉದ್ದದ್ದು. ಜಡಿಮಳೆಯ ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಅನಲಾಗ್‌ನಲ್ಲಾದರೆ ಚುಕ್ಕಿ ಚುಕ್ಕಿಯಾಗಿ ಆದರೂ ಮುಖ ಕಾಣುತ್ತಿತ್ತು, ಡಿಜಿಟಲ್ ಒಂದು ಮಿತಿವರೆಗೆ ಪೂರ್ತಿ ಚೆನ್ನಾಗಿದ್ದು ಆಮೇಲೆ ಒಮ್ಮೆಲೇ ನಿಲ್ಲುತ್ತದೆ. ಕುಶಾಲನಗರದ ಕಡೆ 60 ಸೆಂಟಿಮೀಟರ್ ಡಿಷ್ ಸಾಕಾದರೂ ಭಾಗಮಂಡಲ, ಶಾಂತಳ್ಳಿ ಕಡೆಗೆ 90 ಸೆಂಟಿಮೀಟರಿನದ್ದೇ ಹಾಕಿ. ಅದು ಎರಡೂಕಾಲು ಪಟ್ಟು ಹೆಚ್ಚು ಸಿಗ್ನಲ್ ಹಿಡಿಯುತ್ತದೆ, ಅಂದರೆ 3.5 ಡೆಸಿಬೆಲ್ ಹೆಚ್ಚುವರಿ. ಹೊಂದಿಸುವಾಗ ಚಿತ್ರ ಬಂತೆಂದು ಇಳಿಯಬೇಡಿ. ಟಿವಿಹೆಡ್‌ಎಂಡ್‌ನ ಸ್ಟೇಟಸ್ ಪುಟದಲ್ಲಿ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ನೋಡುತ್ತ, ಡಿಷ್ ಆದಮೇಲೆ ಎಲ್‌ಎನ್‌ಬಿಯನ್ನೂ ಅದರ ಹಿಡಿಯಲ್ಲಿ ನಿಧಾನ ತಿರುಗಿಸಿ, ಸಂಖ್ಯೆ ಇನ್ನು ಏರುವುದಿಲ್ಲ ಎನ್ನುವಲ್ಲಿ ಬಿಗಿ ಮಾಡಿ. ಬೇಸಿಗೆಯಲ್ಲಿ ಉಳಿಸಿಕೊಂಡ ಒಂದೆರಡು ಡೆಸಿಬೆಲ್ ಮಳೆಗಾಲದಲ್ಲಿ ಬೇಕಾಗುತ್ತದೆ.

ಎಫ್ ಕನೆಕ್ಟರ್‌ನೊಳಗೆ ನೀರು ಇಳಿದರೆ ಆರ್‌ಜಿ-6 ಕೇಬಲಿನ ಜಾಲರಿ ಕಪ್ಪಾಗುತ್ತದೆ. ಎಲ್‌ಎನ್‌ಬಿ ಹತ್ತಿರ ಕೇಬಲನ್ನು ಕೆಳಕ್ಕೆ ಬಳಸಿ ಬಿಟ್ಟು ನೀರು ಅಲ್ಲೇ ತೊಟ್ಟಿಕ್ಕುವಂತೆ ಮಾಡಿ, ಕನೆಕ್ಟರಿಗೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಏಪ್ರಿಲ್‌ನ ಹೂಮಳೆಯ ಜೊತೆ ಸಿಡಿಲು ಬರುವಾಗ ಕಾರ್ಡಿನಿಂದ ಕೇಬಲ್ ಕಳಚಿಡುವುದೇ ಖಚಿತ ರಕ್ಷಣೆ.

ಕರೆಂಟ್ ಹೋದಾಗ ಕೆಡುವುದು ಬರೀ ಆ ಹೊತ್ತಿನ ರೆಕಾರ್ಡಿಂಗ್ ಅಲ್ಲ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಬಂದು, ಇಂಟರ್‌ನೆಟ್ ಬಾರದಿದ್ದರೆ ಅದು ಹಳೇ ಸಮಯದಲ್ಲೇ ಎದ್ದು ಕೂರುತ್ತದೆ, ರಾತ್ರಿ 1ಕ್ಕೆ ಇಟ್ಟ ಟೈಮರ್ ಬೆಳಗ್ಗೆ ಎದ್ದ ಮೇಲೆ ಓಡುತ್ತದೆ. ಉಪಗ್ರಹದ ಧಾರೆಯಲ್ಲೇ ಸಮಯ ಬರುತ್ತದೆ. ಟಿವಿಹೆಡ್‌ಎಂಡ್‌ಗೆ ಅದನ್ನು ಓದಿ ಗಡಿಯಾರ ಸರಿಪಡಿಸುವ ಆಯ್ಕೆ ಇದೆ, ಆದರೆ ಗಡಿಯಾರ ಬದಲಿಸುವ ಅನುಮತಿಯನ್ನು ವ್ಯವಸ್ಥೆಯಲ್ಲಿ ಕೊಟ್ಟಿರಬೇಕು. ಅದಕ್ಕಿಂತ ಸರಳ, ಬ್ಯಾಟರಿ ಗಟ್ಟಿಯಿರುವ ಹಳೇ ಲ್ಯಾಪ್‌ಟಾಪನ್ನೇ ಈ ಕೆಲಸಕ್ಕೆ ಕೂರಿಸುವುದು. ಟ್ಯೂನರ್ ಪೆಟ್ಟಿಗೆಯ 12 ವೋಲ್ಟ್ ಅಡಾಪ್ಟರನ್ನೂ ಇನ್ವರ್ಟರ್ ಸಾಲಿಗೇ ಹಾಕಿ, ಎಲ್‌ಎನ್‌ಬಿಗೆ ಕರೆಂಟ್ ಹೋಗುವುದು ಅಲ್ಲಿಂದಲೇ.

ಹೊರಗಿನ ಡಿಸ್ಕನ್ನು ಎಕ್ಸ್ಟಿ4 ಎಂಬ ಲಿನಕ್ಸ್ ಕಡತ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ. ಪೆನ್‌ಡ್ರೈವ್‌ಗಳಲ್ಲಿ ಬರುವ ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ದಾಟದು, ಮೇಲೆ ಹೇಳಿದ ವೇಗದಲ್ಲಿ ಮೂರು ಗಂಟೆ ಹತ್ತು ನಿಮಿಷಕ್ಕೆ ರೆಕಾರ್ಡಿಂಗ್ ನಿಲ್ಲುತ್ತದೆ. ಬೂಟ್ ಹೊತ್ತಿಗೆ ಡಿಸ್ಕ್ ಮೌಂಟ್ ಆಗದೆ ಹೋದರೆ ಕಡತಗಳು ಅದೇ ಹೆಸರಿನ ಖಾಲಿ ಫೋಲ್ಡರಿಗೆ ಬೀಳುತ್ತ ಮೂಲ ಡಿಸ್ಕನ್ನೇ ತುಂಬಿಬಿಡುತ್ತವೆ. ಹಾಗಾಗಿ ಡಿಸ್ಕ್ ಮೌಂಟ್ ಆಗಿರದಾಗ ಆ ಫೋಲ್ಡರಿಗೆ ಯಾರೂ ಬರೆಯದಂತೆ ತಡೆ ಹಾಕಿಡಿ. ರೆಕಾರ್ಡಿಂಗ್ ಪ್ರೊಫೈಲ್ ‘ಪಾಸ್’ (ಧಾರೆಯನ್ನು ಇದ್ದ ಹಾಗೇ ಬರೆಯುವುದು) ಇರಲಿ, ಕಡತ ಟಿಎಸ್ ರೂಪದಲ್ಲಿರಲಿ. ಎಂಪಿ4ರಲ್ಲಿ ಸೂಚಿ ಸಾಮಾನ್ಯವಾಗಿ ಕೊನೆಗೆ ಬರೆಯಲ್ಪಡುವುದರಿಂದ ನಡುವೆ ಕರೆಂಟ್ ಹೋದರೆ ಇಡೀ ಕಡತ ತೆರೆಯದು. ಟಿಎಸ್ ಆದರೆ ಬರೆದಷ್ಟು ನೋಡಬಹುದು.

ತೀರ್ಥೋದ್ಭವಕ್ಕೆ ಇಪಿಜಿಯ ಕಾರ್ಯಕ್ರಮ ಪಟ್ಟಿ ನಂಬದೆ ಕೈಯಿಂದಲೇ ಟೈಮರ್ ಇಡಿ. ಘೋಷಿತ ಮುಹೂರ್ತಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಎಂದಿಟ್ಟರೂ ಹಿಡಿಯುವುದು 3 ಜಿಬಿಗಿಂತ ಕಡಿಮೆ. ಹಿಂದಿನ ದಿನ ಅದೇ ಚಾನೆಲ್‌ನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿ, ಡೇಟಾ ಎರರ್ ಕಾಲಂನಲ್ಲಿ ಸೊನ್ನೆ ಇದೆಯೇ ನೋಡಿ. ಸೊನ್ನೆ ಇಲ್ಲದಿದ್ದರೆ ಮೊದಲು ಬಿಚ್ಚಿ ನೋಡಬೇಕಾದದ್ದು ಎಲ್‌ಎನ್‌ಬಿ ಹತ್ತಿರದ ಆ ಎಫ್ ಕನೆಕ್ಟರನ್ನು.